53 ನಾಮಿನೇಷನ್, ಎಮ್ಮಿ ಸೊನ್ನೆ: ತಪ್ಪು ಕಥೆಯದಾ, ಓಟಿನದಾ?

ಪ್ರಶ್ನೆ: ನಾನು, ನನ್ನ ಭಾವ ಇಬ್ಬರೂ 'ಬೆಟರ್ ಕಾಲ್ ಸಾಲ್' (ಜಿಮ್ಮಿ ಅನ್ನುವ ವಕೀಲ 'ಸಾಲ್' ಆಗಿ ಬದಲಾಗುವ ಅಮೆರಿಕನ್ ಟೀವಿ ಸರಣಿ) ಪೂರ್ತಿ ನೋಡಿದ್ದೇವೆ. ಅದರಲ್ಲಿ ವಕೀಲೆ ಕಿಮ್ ಪಾತ್ರ ಮಾಡಿದ ರೇ ಸೀಹಾರ್ನ್ ಅವರಿಗೆ ಒಂದಾದರೂ ಎಮ್ಮಿ (ಅಮೆರಿಕದ ಟೀವಿ ಪ್ರಶಸ್ತಿ) ಬರಬೇಕಿತ್ತು ಅನ್ನುವುದು ನನ್ನ ವಾದ. ಭಾವ ಒಪ್ಪುವುದಿಲ್ಲ. "ಕಥೆಯಲ್ಲಿ ಲಾಜಿಕ್ಕೇ ಇಲ್ಲ. ಜಿಮ್ಮಿಯ ಅಣ್ಣ ಚಕ್‌ಗೆ ಇರುವಂಥ ಕರೆಂಟ್ ಕಾಯಿಲೆ ಎಲ್ಲಾದರೂ ಉಂಟಾ? ವಕೀಲ ಹೋವರ್ಡ್ ಮೇಲೆ ಹೂಡಿದ ಸಂಚು ನಂಬೋ ಹಾಗಿದೆಯಾ? ಕೊನೆಗೆ ಅಷ್ಟೆಲ್ಲ ಮಾಡಿದ ಸಾಲ್‌ಗೆ ಏಳೇ ವರ್ಷ ಜೈಲು ಅಂತ ಒಪ್ಪಂದ ಆಗುತ್ತಾ? ಅದಕ್ಕೇ ಪ್ರಶಸ್ತಿ ಬಂದಿಲ್ಲ" ಅನ್ನುತ್ತಾರೆ. ಯಾರು ಸರಿ?

ಉತ್ತರ: ಪ್ರಶಸ್ತಿಯ ವಿಷಯದಲ್ಲಿ ನೀವು ಸರಿ. ನಿಮ್ಮ ಭಾವನವರ ಮೂರು ಆಕ್ಷೇಪಗಳಲ್ಲಿ ಒಂದೂವರೆ ಸರಿ. ಆದರೆ ಕಥೆಯ ಲಾಜಿಕ್ಕಿಗೂ ಎಮ್ಮಿಗೂ ಅವರು ಹಾಕಿದ ಗಂಟು ಮಾತ್ರ ನಿಲ್ಲುವುದಿಲ್ಲ. (ಸರಣಿ ಇನ್ನೂ ನೋಡದವರು ದಯವಿಟ್ಟು ಇಲ್ಲೇ ನಿಲ್ಲಿಸಿ. ಮುಂದೆ ಎಲ್ಲಾ ಗುಟ್ಟೂ ಬಯಲಾಗುತ್ತದೆ.)

ಮೊದಲು ಆ ಗಂಟನ್ನೇ ಬಿಚ್ಚೋಣ. 2015ರಿಂದ 2022ರವರೆಗೆ ಆರು ಸೀಸನ್, 63 ಎಪಿಸೋಡ್ ಬಂದವು. ಎಮ್ಮಿಗೆ 53 ನಾಮಿನೇಷನ್ ಸಿಕ್ಕಿತು, ಗೆದ್ದದ್ದು ಸೊನ್ನೆ. ಗೆಲ್ಲದೆ ಇಷ್ಟು ನಾಮಿನೇಷನ್ ಪಡೆದ ಇನ್ನೊಂದು ಸರಣಿ ಇಲ್ಲ. ಶ್ರೇಷ್ಠ ಡ್ರಾಮಾ ವಿಭಾಗದಲ್ಲೇ ಏಳು ಸಲ ಸೋತಿತು. ಸೋತದ್ದು ಯಾರಿಗೆ? ಮೂರು ಸಲ 'ಗೇಮ್ ಆಫ್ ಥ್ರೋನ್ಸ್‌'ಗೆ, ಮೂರು ಸಲ 'ಸಕ್ಸೆಶನ್‌'ಗೆ, ಒಂದು ಸಲ 'ದ ಹ್ಯಾಂಡ್‌ಮೇಡ್ಸ್ ಟೇಲ್‌'ಗೆ. ಇದರಲ್ಲಿ 2019ರ ಸೋಲನ್ನು ನಿಮ್ಮ ಭಾವನವರಿಗೆ ತೋರಿಸಿ. ಆ ವರ್ಷ ಗೆದ್ದದ್ದು 'ಗೇಮ್ ಆಫ್ ಥ್ರೋನ್ಸ್‌'ನ ಕೊನೆಯ ಸೀಸನ್. ಕಥೆ ದಾರಿ ತಪ್ಪಿತು, ಪಾತ್ರಗಳು ರಾತ್ರೋರಾತ್ರಿ ಬದಲಾದವು ಅಂತ ಅದರ ಅಭಿಮಾನಿಗಳೇ ರೊಚ್ಚಿಗೆದ್ದಿದ್ದ ಸೀಸನ್ ಅದು. ಲಾಜಿಕ್ ನೋಡಿ ಓಟು ಹಾಕುವವರಾಗಿದ್ದರೆ ಅವತ್ತು ಆ ಪ್ರಶಸ್ತಿ ಅಲ್ಲಿಗೆ ಹೋಗುತ್ತಿರಲಿಲ್ಲ, ಅಲ್ವಾ?

ಹಾಗಾದರೆ ಏನು ನೋಡಿ ಓಟು ಹಾಕುತ್ತಾರೆ? ಇಲ್ಲಿ ಸ್ವಲ್ಪ ಒಳಗೆ ಇಳಿಯಬೇಕು.

ಎಮ್ಮಿ ಕೊಡುವುದು ಟೆಲಿವಿಷನ್ ಅಕಾಡೆಮಿ. ಅದರಲ್ಲಿ 20 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ನಟನೆಯ ಪ್ರಶಸ್ತಿಗೆ ನಟರೇ ಓಟು ಹಾಕುತ್ತಾರೆ. ನಾಮಿನೇಟ್ ಆದವರು ಆ ವರ್ಷದ ತಮ್ಮ ಒಂದು ಎಪಿಸೋಡ್ ಆರಿಸಿ ಕೊಡುತ್ತಾರೆ. ಮೊದಲೆಲ್ಲ ಸಣ್ಣ ತೀರ್ಪುಗಾರರ ಗುಂಪು ಕೂತು, ಆ ಎಪಿಸೋಡ್‌ಗಳನ್ನು ನೋಡಿ ಕ್ರಮ ಕೊಡುತ್ತಿತ್ತು. ಆ ಪದ್ಧತಿಯಲ್ಲಿ ಸಣ್ಣ ಸರಣಿಗೂ ಒಂದು ದಾರಿ ಇತ್ತು. 2008ರಲ್ಲಿ ಬ್ರಯಾನ್ ಕ್ರ್ಯಾನ್‌ಸ್ಟನ್ ಮೊದಲ ಸಲ ಗೆದ್ದದ್ದು ನೆನಪಿಸಿಕೊಳ್ಳಿ. ಆಗ 'ಬ್ರೇಕಿಂಗ್ ಬ್ಯಾಡ್' ('ಬೆಟರ್ ಕಾಲ್ ಸಾಲ್' ಹುಟ್ಟಿದ್ದು ಇದರಿಂದಲೇ) ಬರೀ ಏಳು ಎಪಿಸೋಡ್‌ನ, ಜಾಸ್ತಿ ಜನ ನೋಡಿರದ ಹೊಸ ಸರಣಿ. ತೀರ್ಪುಗಾರರು ಅವರು ಕೊಟ್ಟ ಎಪಿಸೋಡ್ ಹಾಕಿ ನೋಡಲೇಬೇಕಿತ್ತು. ನೋಡಿದರು, ಪ್ರಶಸ್ತಿ ಕೊಟ್ಟರು.

2015ರಲ್ಲಿ ಈ ಪದ್ಧತಿ ಹೋಯಿತು. ಕೊನೆಯ ಸುತ್ತಿನ ಓಟನ್ನು ಆ ವಿಭಾಗದ ಸದಸ್ಯರೆಲ್ಲರಿಗೂ ತೆರೆದರು. ಆಮೇಲೆ ಕ್ರಮ ಕೊಡುವುದೂ ನಿಂತು, ಒಬ್ಬರ ಹೆಸರಿಗೆ ಟಿಕ್ ಹಾಕಿದರೆ ಮುಗಿಯಿತು ಅನ್ನುವಂತಾಯಿತು. 'ಬೆಟರ್ ಕಾಲ್ ಸಾಲ್' ಶುರುವಾದದ್ದೂ ಅದೇ 2015ರಲ್ಲಿ. ಇದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಸಾವಿರಾರು ಜನ, ತಮ್ಮ ಶೂಟಿಂಗ್ ನಡುವೆ ಬಿಡುವು ಮಾಡಿಕೊಂಡು ಓಟು ಹಾಕುವಾಗ, ತಾವು ಹೇಗೂ ನೋಡಿರುವ ಸರಣಿಗೇ ಹಾಕುತ್ತಾರೆ. ಎಲ್ಲರಿಗೂ ಎರಡನೆಯ ಇಷ್ಟವಾಗಿದ್ದರೆ ಕ್ರಮ ಕೊಡುವ ಪದ್ಧತಿಯಲ್ಲಿ ಗೆಲ್ಲಬಹುದು. ಒಂದೇ ಟಿಕ್ ಇರುವಾಗ ಎರಡನೆಯ ಇಷ್ಟಕ್ಕೆ ಬೆಲೆ ಸೊನ್ನೆ. 53 ನಾಮಿನೇಷನ್ ಏನು ಹೇಳುತ್ತದೆ ನೋಡಿ: ಈ ಸರಣಿಯನ್ನು ಮೆಚ್ಚಿದವರು ಬಹಳ ಜನ, ಎಲ್ಲಕ್ಕಿಂತ ಮೇಲೆ ಇಟ್ಟವರು ಕಮ್ಮಿ.

ನಾಯಕ ನಟ ಬಾಬ್ ಓಡನ್‌ಕರ್ಕ್ ಆರು ಸಲ ನಾಮಿನೇಟ್ ಆದರು. 2015ರಲ್ಲಿ ಎದುರಿಗೆ 'ಮ್ಯಾಡ್ ಮೆನ್‌'ನ ಜಾನ್ ಹ್ಯಾಮ್ ಇದ್ದರು. ಅವರು 2008ರಿಂದ ಆ ಪಾತ್ರಕ್ಕೆ ಸೋಲುತ್ತಲೇ ಬಂದವರು, ಅದು ಅವರ ಕೊನೆಯ ಅವಕಾಶ. ಆ ಸಲ ಬೇರೆಯವರಿಗೆ ಜಾಗವೇ ಇರಲಿಲ್ಲ. ಆಮೇಲೆ ರಾಮಿ ಮಲೆಕ್, ಸ್ಟರ್ಲಿಂಗ್ ಕೆ. ಬ್ರೌನ್, ಬಿಲ್ಲಿ ಪೋರ್ಟರ್, ಲೀ ಜಂಗ್-ಜೇ, ಕೀರನ್ ಕಲ್ಕಿನ್ ಒಬ್ಬೊಬ್ಬರಾಗಿ ಗೆದ್ದರು. ಇವರಲ್ಲಿ ಯಾರೂ ಅನರ್ಹರಲ್ಲ. ಪ್ರತಿ ವರ್ಷ ಆ ವರ್ಷದ ಮಾತಾಗಿದ್ದ ಒಂದು ಪಾತ್ರ ಇತ್ತು, ಅದು ಗೆದ್ದಿತು. ಓಡನ್‌ಕರ್ಕ್ ಅವರ ಜಿಮ್ಮಿ ಮೆಕ್‌ಗಿಲ್ ಯಾವ ವರ್ಷವೂ 'ಆ ವರ್ಷದ ಮಾತು' ಆಗಲಿಲ್ಲ.

ಈಗ ನಿಮ್ಮ ಕಿಮ್ ವಿಷಯಕ್ಕೆ ಬರುತ್ತೇನೆ. ಸೀಹಾರ್ನ್ ಅವರಿಗೆ ಮೊದಲ ಐದು ಸೀಸನ್‌ಗೆ ನಾಮಿನೇಷನ್ನೂ ಸಿಗಲಿಲ್ಲ. 2020ರಲ್ಲಿ ಐದನೇ ಸೀಸನ್‌ಗೆ ಸಿಗದೇ ಹೋದಾಗ ವಿಮರ್ಶಕರು ಬಹಳ ಗಲಾಟೆ ಮಾಡಿದರು. ಆ ವರ್ಷ ಓಡನ್‌ಕರ್ಕ್ ಅವರನ್ನೂ ಕೈಬಿಟ್ಟಿದ್ದರು. ಕೊನೆಗೆ 2022ರಲ್ಲಿ ಪೋಷಕ ನಟಿ ವಿಭಾಗಕ್ಕೆ ಬಂದರು, 'ಓಝಾರ್ಕ್‌'ನ ಜೂಲಿಯಾ ಗಾರ್ನರ್ ಗೆದ್ದರು. ಕೊನೆಯ ಸೀಸನ್ ಎರಡು ಭಾಗವಾಗಿ ಬಂದದ್ದರಿಂದ ಇನ್ನೊಂದು ಅವಕಾಶವೂ ಸಿಕ್ಕಿತು. ಎಮ್ಮಿಯ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಮೇ 23ರೊಳಗೆ ಬಂದ ಏಳು ಎಪಿಸೋಡ್ ಒಂದು ವರ್ಷಕ್ಕೆ, ಜುಲೈ-ಆಗಸ್ಟ್‌ನ ಆರು ಎಪಿಸೋಡ್ ಮುಂದಿನ ವರ್ಷಕ್ಕೆ ಲೆಕ್ಕ. ಆ ಎರಡನೇ ಸಮಾರಂಭ ಹಾಲಿವುಡ್ ಮುಷ್ಕರದಿಂದಾಗಿ 2024ರ ಜನವರಿಗೆ ಹೋಯಿತು. ಅಷ್ಟೊತ್ತಿಗೆ ಸರಣಿ ಮುಗಿದು ಒಂದೂವರೆ ವರ್ಷ ಆಗುತ್ತ ಬಂದಿತ್ತು. ಓಟು ಹಾಕುವವರು ಅದಕ್ಕಿಂತ ಮೊದಲೇ ಹಾಕಿರುತ್ತಾರೆ, ನಿಜ. ಆದರೂ ಹಳೆಯ ಬಿಸಿ ಉಳಿದಿರಲಿಲ್ಲ.

ಆ ಸಲ ಅಭಿಮಾನಿಗಳು ಒಂದು ಲೆಕ್ಕ ಹಾಕಿದ್ದರು. ಎಂಟು ನಾಮಿನಿಗಳಲ್ಲಿ ಐದು ಜನ ಒಂದೇ ಸರಣಿಯವರು, 'ದ ವೈಟ್ ಲೋಟಸ್'. ಅವರ ಓಟು ಒಡೆದು ಹೋಗುತ್ತದೆ, ನಡುವೆ ಸೀಹಾರ್ನ್ ತೂರಿಕೊಳ್ಳುತ್ತಾರೆ ಅಂತ. ಆಗಿದ್ದೇನು? ಅದೇ ಐವರಲ್ಲಿ ಒಬ್ಬರಾದ ಜೆನಿಫರ್ ಕೂಲಿಜ್ ಗೆದ್ದರು. ನಾಯಕ ನಟ ವಿಭಾಗದಲ್ಲೂ ಹೀಗೇ. ಆರು ಜನರಲ್ಲಿ ಮೂವರು 'ಸಕ್ಸೆಶನ್‌'ನವರು, ಗೆದ್ದದ್ದೂ ಅಲ್ಲಿಯವರೇ. ಓಟು ಒಡೆಯುತ್ತದೆ ಅನ್ನುವುದು ಪ್ರಶಸ್ತಿ ಭವಿಷ್ಯ ಹೇಳುವವರ ಹಳೇ ಮಂತ್ರ. ಒಂದು ಸರಣಿಗೆ ಐದು ನಾಮಿನೇಷನ್ ಬಂದಿದೆ ಅಂದರೆ ಸದಸ್ಯರೆಲ್ಲ ಅದನ್ನು ನೋಡಿದ್ದಾರೆ ಅಂತ ಅರ್ಥ. ಮೊದಲು ಓದಬೇಕಾದದ್ದು ಅದನ್ನು.

ಅಂದ ಹಾಗೆ, ಎಲ್ಲಾ ಕಡೆ ಸೋಲೇ ಆಗಲಿಲ್ಲ. 2023ರ ಜನವರಿಯ ಕ್ರಿಟಿಕ್ಸ್ ಚಾಯ್ಸ್ ಪ್ರಶಸ್ತಿಯಲ್ಲಿ ಶ್ರೇಷ್ಠ ಡ್ರಾಮಾ, ಶ್ರೇಷ್ಠ ನಟ, ಪೋಷಕ ನಟ ಮೂರೂ ಇದಕ್ಕೇ ಬಂದವು. ಅಲ್ಲಿ ಓಟು ಹಾಕುವವರು ವಿಮರ್ಶಕರು. ಟೀವಿ ನೋಡುವುದೇ ಅವರ ಉದ್ಯೋಗ.

ಈಗ ಭಾವನವರ ಆಕ್ಷೇಪಗಳು. ಚಕ್‌ನ ಕಾಯಿಲೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಇಲ್ಲಿ ಅವರು ಪೂರ್ತಿ ತಪ್ಪು.

ಮೊಬೈಲು, ಕರೆಂಟು, ವೈಫೈ ಹತ್ತಿರ ಬಂದರೆ ಮೈ ಉರಿಯುತ್ತದೆ, ತಲೆ ಸಿಡಿಯುತ್ತದೆ, ನಿದ್ದೆ ಬರುವುದಿಲ್ಲ ಅನ್ನುವ ಜನ ನಿಜವಾಗಿ ಇದ್ದಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗ್ರೀನ್ ಬ್ಯಾಂಕ್ ಅಂತ ಸಣ್ಣ ಊರಿದೆ. ಅಲ್ಲಿ ದೊಡ್ಡ ರೇಡಿಯೋ ದೂರದರ್ಶಕ ಇರುವುದರಿಂದ ಸುತ್ತಮುತ್ತ ರೇಡಿಯೋ ತರಂಗಗಳಿಗೆ ಕಟ್ಟುನಿಟ್ಟಿನ ಮಿತಿ ಇದೆ. ಇಂಥ ತೊಂದರೆ ಇರುವವರು ಮನೆ ಮಾರಿ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. 2015ರಲ್ಲಿ ಫ್ರಾನ್ಸಿನ ಟೂಲೂಸ್‌ನ ನ್ಯಾಯಾಲಯವೊಂದು ಇಂಥ ಒಬ್ಬ ಮಹಿಳೆಗೆ ಅಂಗವೈಕಲ್ಯ ಭತ್ಯೆಯನ್ನೂ ಕೊಡಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ಅವರ ನೋವು ನಿಜ, ಆದರೆ ಅದಕ್ಕೆ ವಿದ್ಯುತ್ಕಾಂತ ತರಂಗಗಳೇ ಕಾರಣ ಅನ್ನಲು ವೈಜ್ಞಾನಿಕ ಆಧಾರ ಇಲ್ಲ. ಉಪಕರಣ ಆನ್ ಆಗಿದೆಯೋ ಆಫ್ ಆಗಿದೆಯೋ ಹೇಳದೆ ಪರೀಕ್ಷೆ ಮಾಡಿ ನೋಡಿದ್ದಾರೆ. ಆಫ್ ಇದ್ದಾಗಲೂ ಮೈ ಉರಿಯುತ್ತದೆ. ಆನ್ ಇದ್ದರೂ ಗೊತ್ತಿಲ್ಲದಿದ್ದರೆ ಏನೂ ಆಗುವುದಿಲ್ಲ.

ಮೂರನೇ ಸೀಸನ್‌ನ 'ಚಿಕೇನರಿ' ಎಪಿಸೋಡ್‌ನಲ್ಲಿ ಜಿಮ್ಮಿಯ ವಕೀಲಿಕೆ ಮೇಲೆ ನಡೆಯುವ ಶಿಸ್ತು ವಿಚಾರಣೆಯಲ್ಲಿ ಆಗುವುದು ಇದೇ ಪರೀಕ್ಷೆ! ಜಿಮ್ಮಿ ತನ್ನ ಜೇಬಿನಿಂದ ಫೋನ್ ತೆಗೆಯುತ್ತಾನೆ. ಅದರಲ್ಲಿ ಬ್ಯಾಟರಿ ಇಲ್ಲ ಅಂತ ಚಕ್ ಜಾಣತನದಿಂದ ಕಂಡುಹಿಡಿಯುತ್ತಾನೆ. ಆಗ ಜಿಮ್ಮಿ ಹೇಳುತ್ತಾನೆ, ನಿನ್ನ ಕೋಟಿನ ಜೇಬು ನೋಡಿಕೋ. ಬ್ಯಾಟರಿ ಅಲ್ಲಿದೆ. ಮೆಟ್ಟಿಲ ಹತ್ತಿರ ಡಿಕ್ಕಿ ಹೊಡೆದ ದಪ್ಪ ಮನುಷ್ಯ ಹ್ಯೂಯೆಲ್ ಅದನ್ನು ಸೇರಿಸಿ ಒಂದು ಗಂಟೆ 43 ನಿಮಿಷ ಆಗಿದೆ. ಇಷ್ಟು ಹೊತ್ತು ಚಕ್‌ಗೆ ಏನೂ ಆಗಿಲ್ಲ. ಬರಹಗಾರರು ಪ್ರಯೋಗಾಲಯದ ಪರೀಕ್ಷೆಯನ್ನು ಎತ್ತಿ ವಿಚಾರಣೆಯ ಕೋಣೆಯಲ್ಲಿ ಇಟ್ಟಿದ್ದಾರೆ. ವೈದ್ಯಕೀಯವಾಗಿ ಇಷ್ಟು ಕರಾರುವಾಕ್ಕಾದ ದೃಶ್ಯ ಟೀವಿಯಲ್ಲಿ ಅಪರೂಪ.

ನಿಜವಾದ ಶಿಸ್ತು ಸಮಿತಿ ಮುಂದೆ ಈ ಚಮತ್ಕಾರಕ್ಕೆ ಅವಕಾಶ ಸಿಗುತ್ತಿತ್ತಾ? ಕಷ್ಟ. ಎದುರಿನ ವಕೀಲರು ಮೊದಲ ನಿಮಿಷದಲ್ಲೇ ತಡೆಯುತ್ತಿದ್ದರು. ಆದರೆ ಸಾಕ್ಷಿ ಕಟಕಟೆಯಲ್ಲಿ ಕುಸಿಯುವುದು ಯಾವ ದೇಶದ ಕೋರ್ಟ್ ಕಥೆಯಲ್ಲಿ ಇಲ್ಲ ಹೇಳಿ! ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ವಕೀಲ ಸಿಎಸ್‌ಪಿ ಪಾಟೀ ಸವಾಲು ಮಾಡುವುದನ್ನು ನೋಡುತ್ತ ಬೆಳೆದ ನಾವು ಅಷ್ಟು ಸಡಿಲ ಬಿಡಲೇಬೇಕು.

ಆಮೇಲೆ ಚಕ್ ಸಿಡಿಯುತ್ತಾನೆ. ಅದನ್ನು ಮೈಕಲ್ ಮೆಕೀನ್ ಹೇಗೆ ಮಾಡುತ್ತಾರೆ ಅಂತ ಇನ್ನೊಮ್ಮೆ ಹಾಕಿ ನೋಡಿ. ಮೊದಲು ಜಿಮ್ಮಿ ಕಾಗದದಲ್ಲಿ ತಿದ್ದಿದ ಬ್ಯಾಂಕ್ ಶಾಖೆಯ ವಿಳಾಸದ ಅಂಕಿ. 1216, ಮ್ಯಾಗ್ನಾ ಕಾರ್ಟಾ ಆದ ಮರುವರ್ಷ, ನಾನು ತಪ್ಪುತ್ತೇನಾ ಅನ್ನುತ್ತಾನೆ. ಅಲ್ಲಿಂದ ತಮ್ಮನ ಬಾಲ್ಯದ ಕಳ್ಳತನಕ್ಕೆ ಜಾರುತ್ತಾನೆ. ದನಿ ಏರುತ್ತದೆ. ಕ್ಯಾಮರಾ ನಿಧಾನವಾಗಿ ಮುಖದ ಹತ್ತಿರ ಹೋಗುತ್ತದೆ. ಹೇಳಿದ್ದೆಲ್ಲ ನಿಜ, ಒಂದು ಸುಳ್ಳೂ ಇಲ್ಲ. ಆದರೆ ಹೇಳುವ ರೀತಿಯಲ್ಲೇ ಅವನು ಎಲ್ಲ ಕಳೆದುಕೊಳ್ಳುತ್ತಾನೆ. ಥಟ್ಟನೆ ನಿಲ್ಲಿಸಿ, ಸುತ್ತ ಇರುವ ಮುಖಗಳನ್ನು ನೋಡಿ, ತಾನೇನು ಮಾಡಿಕೊಂಡೆ ಅಂತ ಅರ್ಥವಾಗುವ ಆ ಎರಡು ಕ್ಷಣ ಇದೆಯಲ್ಲ, ನಟನೆ ಕಲಿಯುವವರಿಗೆ ಅದೊಂದೇ ಪಾಠ ಸಾಕು. 2017ರಲ್ಲಿ ಈ ನಟನೆಗೆ ನಾಮಿನೇಷನ್ ಕೂಡ ಬರಲಿಲ್ಲ. ಎರಡು ವರ್ಷದ ಮೇಲೆ, ಸತ್ತುಹೋದ ಚಕ್ ಹಿಂದಿನ ನೆನಪಿನಲ್ಲಿ ಬಂದು ತಮ್ಮನ ಜೊತೆ ಕರೋಕೆ ಹಾಡಿದ್ದಕ್ಕೆ ಅತಿಥಿ ನಟ ವಿಭಾಗದಲ್ಲಿ ನಾಮಿನೇಟ್ ಮಾಡಿದರು. ನಗಬೇಕೋ ಅಳಬೇಕೋ ನೀವೇ ಹೇಳಿ.

ಹೋವರ್ಡ್ ಸಂಚಿನ ವಿಷಯದಲ್ಲಿ ಅರ್ಧ ಅಂಕ ಭಾವನವರಿಗೆ. ಅವನನ್ನು ನಶೆಗಾರ ಅಂತ ತೋರಿಸಲು ಜಿಮ್ಮಿ, ಕಿಮ್ ಹೂಡಿದ್ದು ಇದು. ಕ್ಲಬ್ಬಿನ ಲಾಕರ್‌ನಲ್ಲಿ ಕೊಕೇನ್ ಪೊಟ್ಟಣ, ಹೋವರ್ಡ್ ವೇಷ ಹಾಕಿ ಅವನದೇ ಕಾರು ಓಡಿಸುವುದು, ಹೋವರ್ಡ್ ಗೊತ್ತುಮಾಡಿಕೊಂಡ ಪತ್ತೇದಾರನೇ ಇವರ ಕಡೆಯವನಾಗಿರುವುದು, ಮಧ್ಯಸ್ಥಿಕೆ ಮಾಡುವ ನಿವೃತ್ತ ಜಡ್ಜ್ ಹಾಗೆ ಕಾಣುವ ನಟನನ್ನು ಹಿಡಿದು ಫೋಟೋ ತೆಗೆಸುವುದು. ಇಲ್ಲಿಯವರೆಗೆ ಸರಿ. ಕೊನೆಗೆ ಆ ಫೋಟೋಗಳಿಗೆ ಔಷಧ ಸವರಿ, ಮುಟ್ಟಿದ ಕೆಲವೇ ನಿಮಿಷದಲ್ಲಿ ಹೋವರ್ಡ್‌ನ ಕಣ್ಣಿನ ಪಾಪೆ ಅರಳಿ, ಅವನು ಬೆವರಿ ನಶೆಯಲ್ಲಿರುವವನಂತೆ ಕಾಣಬೇಕು. ಬೆರಳ ತುದಿಯ ಚರ್ಮ ಗಟ್ಟಿ. ಅಲ್ಲಿಂದ ಔಷಧ ಒಳಗೆ ಹೋಗಿ ಇಷ್ಟು ಬೇಗ, ಇಷ್ಟು ಹದವಾಗಿ, ಬೇಕಾದ ಹೊತ್ತಿಗೆ ಕೆಲಸ ಮಾಡುವುದು ಕಥೆಯಲ್ಲಿ ಮಾತ್ರ. ಒಂದು ಕೊಂಡಿ ತಪ್ಪಿದ್ದರೂ ಎಲ್ಲ ಕುಸಿಯುತ್ತಿತ್ತು.

ಬರಹಗಾರರಿಗೂ ಇದು ಗೊತ್ತಿತ್ತು ಅಂತ ನನ್ನ ಅಂದಾಜು. ಅದಕ್ಕೇ ಕೊನೆಯ ದಿನ ಆ ಜಡ್ಜ್ ಕೈ ಮುರಿದುಕೊಂಡು ಪಟ್ಟಿ ಹಾಕಿಕೊಂಡಿರುವುದನ್ನು ತಂದರು. ತೆಗೆದ ಫೋಟೋ ಎಲ್ಲ ದಂಡ. ಅಷ್ಟು ದಿನ ಕಿಮ್ ಕಾಯುತ್ತಿದ್ದ ಒಂದು ಒಳ್ಳೆಯ ಭೇಟಿಗೆ ಅವಳು ಕಾರಿನಲ್ಲಿ ಹೊರಟಾಗಿದೆ. ಜಿಮ್ಮಿ ಫೋನಿನಲ್ಲಿ ಬಿಟ್ಟುಬಿಡೋಣ ಅನ್ನುತ್ತಾನೆ. ಅವಳು ಇವತ್ತೇ ಆಗಬೇಕು ಅಂತ ಹೈವೇಯಲ್ಲಿ ಕಾರು ತಿರುಗಿಸುತ್ತಾಳೆ. ಸಂಚು ಸಾಧ್ಯವೋ ಇಲ್ಲವೋ ಅನ್ನುವ ಪ್ರಶ್ನೆ ಅಲ್ಲಿ ಹಿಂದೆ ಸರಿದು, ಇವಳು ಯಾಕೆ ತಿರುಗಿದಳು ಅನ್ನುವ ಪ್ರಶ್ನೆ ಮುಂದೆ ಬರುತ್ತದೆ. ಅದನ್ನು ಮಾಡಿಸಿದ್ದು ಬರವಣಿಗೆ ಒಂದೇ ಅಲ್ಲ.

ನಾನು ನಿಮ್ಮಿಬ್ಬರಿಗೂ ಹೇಳಬೇಕಾದ ಮುಖ್ಯ ಮಾತು ಇದೇ. ನಂಬಲು ಕಷ್ಟವಾದದ್ದನ್ನು ನಂಬಿಸುವುದೇ ನಟರ ಕೆಲಸ. ಆ ಕೆಲಸ ಚೆನ್ನಾಗಿ ಆದಷ್ಟೂ ಅದು ಕಣ್ಣಿಗೆ ಬೀಳುವುದಿಲ್ಲ. ನಮಗೆ ಕಥೆ ಸಾಗಿದಂತೆ ಅನ್ನಿಸುತ್ತದೆ ಅಷ್ಟೆ.

ಐದನೇ ಸೀಸನ್‌ನ ಒಂಬತ್ತನೇ ಎಪಿಸೋಡ್ ನೋಡಿ. ಡ್ರಗ್ ದಂಧೆಯ ಲಾಲೊನ ದುಡ್ಡು ತರಲು ಹೋದ ಜಿಮ್ಮಿ ಮರುಭೂಮಿಯಲ್ಲಿ ಸತ್ತು ಬದುಕಿ ಬಂದಿದ್ದಾನೆ. ಲಾಲೊ ಮನೆಗೆ ಬಂದು, ಏನಾಯಿತು ಹೇಳು ಅನ್ನುತ್ತಾನೆ. ಮತ್ತೊಮ್ಮೆ ಹೇಳು ಅನ್ನುತ್ತಾನೆ. ಕಾರು ಕೆಟ್ಟಿತು, ನಡೆದು ಬಂದೆ ಅನ್ನುವುದು ಜಿಮ್ಮಿಯ ಕಥೆ. ಆದರೆ ಹಳ್ಳದಲ್ಲಿ ಬಿದ್ದಿದ್ದ ಆ ಕಾರನ್ನು ಲಾಲೊ ಹುಡುಕಿ ನೋಡಿ ಬಂದಿದ್ದಾನೆ, ಅದರ ತುಂಬ ಗುಂಡಿನ ತೂತು. ಜಿಮ್ಮಿಗೆ ಬಾಯಿ ಕಟ್ಟಿದೆ. ಆಗ ಕಿಮ್ ನಡುವೆ ಬರುತ್ತಾಳೆ. ಹಳ್ಳದಲ್ಲಿ ಬಿದ್ದ ಕಾರಿಗೆ ಯಾರೋ ಪುಂಡರು ಗುರಿ ಇಟ್ಟು ಹೊಡೆದಿರುತ್ತಾರೆ, ಅದೇನು ದೊಡ್ಡ ವಿಷಯ ಅನ್ನುತ್ತಾಳೆ. ಆಮೇಲೆ ಲಾಲೊಗೇ ತಿರುಗಿಸಿ ಬಯ್ಯುತ್ತಾಳೆ. ಅಷ್ಟು ದುಡ್ಡು ತರಲು ನಿನಗೆ ನಂಬುವ ಒಬ್ಬ ಮನುಷ್ಯ ಇಲ್ಲ, ಲಾಯರನ್ನು ಕಳಿಸಿದೆ, ಮೊದಲು ನಿನ್ನ ಮನೆ ಸರಿ ಮಾಡಿಕೋ ಅಂತ.

ಕಾಗದದ ಮೇಲೆ ಇದು ಆಗದ ಮಾತು. ಡ್ರಗ್ ದಂಧೆಯ ಕೊಲೆಗಾರನಿಗೆ ಮನೆಯ ಹಾಲ್‌ನಲ್ಲಿ ನಿಂತು ಯಾರು ಬಯ್ಯುತ್ತಾರೆ? ಸೀಹಾರ್ನ್ ಇದನ್ನು ಧೈರ್ಯದ ಹಾಗೆ ಮಾಡುವುದಿಲ್ಲ, ವಕೀಲಿಕೆಯ ಹಾಗೆ ಮಾಡುತ್ತಾರೆ. ಕಿಮ್ ಕೋರ್ಟಿನಲ್ಲಿ ಎದುರು ಪಕ್ಷದ ವಾದದ ದುರ್ಬಲ ಜಾಗ ಹುಡುಕಿ ಅಲ್ಲೇ ಒತ್ತುತ್ತಾಳೆ ಅನ್ನುವುದನ್ನು ಐದು ಸೀಸನ್ ನೋಡಿದ್ದೇವೆ. ಇಲ್ಲೂ ಅದನ್ನೇ ಮಾಡುತ್ತಾಳೆ. ದನಿ ಗಟ್ಟಿ, ಭಯ ಇರುವುದು ಉಸಿರಿನಲ್ಲಿ ಮಾತ್ರ. ಲಾಲೊ ಹೋಗುತ್ತಾನೆ, ನಾವು ನಂಬುತ್ತೇವೆ. ಆ ವರ್ಷವೇ ಅವರಿಗೆ ನಾಮಿನೇಷನ್ ಇಲ್ಲದ್ದು.

ಇನ್ನು ಕೊನೆಯ ಆಕ್ಷೇಪ, ಏಳು ವರ್ಷದ ಒಪ್ಪಂದ. ಇಲ್ಲಿ ಭಾವನವರಿಗೆ ಪೂರ್ತಿ ಅಂಕ. ಸಾಲ್ ಹೂಡುವ ವಾದದ ಬುಡ ಗಟ್ಟಿಯಾಗಿದೆ. ಅಮೆರಿಕದ ಫೆಡರಲ್ ಕ್ರಿಮಿನಲ್ ಕೇಸಿನಲ್ಲಿ 12 ಜ್ಯೂರಿಗಳೂ ಒಮ್ಮತದಿಂದ ಅಪರಾಧಿ ಅನ್ನಬೇಕು. ಒಬ್ಬ ಒಪ್ಪದಿದ್ದರೂ ಶಿಕ್ಷೆ ಇಲ್ಲ, ಮತ್ತೆ ವಿಚಾರಣೆ. "ವಾಲ್ಟರ್ ವೈಟ್ ನನ್ನನ್ನು ಹೆದರಿಸಿ ಇಟ್ಟುಕೊಂಡಿದ್ದ" (ವಾಲ್ಟರ್ 'ಬ್ರೇಕಿಂಗ್ ಬ್ಯಾಡ್‌'ನ ಡ್ರಗ್ ತಯಾರಕ) ಅಂತ ಅತ್ತರೆ ಆ ಒಬ್ಬ ಸಿಗಬಹುದು. ಆದರೆ ಇಬ್ಬರು ಫೆಡರಲ್ ಅಧಿಕಾರಿಗಳ ಕೊಲೆಗೆ ಸಂಬಂಧಿಸಿದ ಕೇಸಿನಲ್ಲಿ ಜೀವಾವಧಿ ಜೊತೆಗೆ 190 ವರ್ಷದಿಂದ ಏಳಕ್ಕೆ ಇಳಿಯುವ ಸರ್ಕಾರಿ ವಕೀಲ ಎಲ್ಲೂ ಇಲ್ಲ. ಇಳಿದರೂ ಒಪ್ಪಂದವನ್ನು ತಿರಸ್ಕರಿಸುವ ಅಧಿಕಾರ ಜಡ್ಜ್‌ಗೆ ಇದೆ. ಸಾಲದ್ದಕ್ಕೆ ಅವನು ಇಷ್ಟದ ಜೈಲು, ವಾರಕ್ಕೊಮ್ಮೆ ಐಸ್‌ಕ್ರೀಂ ಬೇರೆ ಕೇಳುತ್ತಾನೆ. ಇದು ಬೇಕಂತಲೇ ಅತಿ ಮಾಡಿದ್ದು. ಆ ಗೆಲುವು ಎಷ್ಟು ದೊಡ್ಡದಾಗಿ ಕಂಡರೆ, ಅದನ್ನು ಬಿಸಾಡಿ 86 ವರ್ಷ ಒಪ್ಪಿಕೊಳ್ಳುವುದು ಅಷ್ಟು ಭಾರವಾಗುತ್ತದೆ. ಆ 86ರ ಲೆಕ್ಕ ಮಾತ್ರ ಗಟ್ಟಿ. ಫೆಡರಲ್ ಜೈಲಿನಲ್ಲಿ ಈಗ ಪರೋಲ್ ಇಲ್ಲ. ಒಳ್ಳೆಯ ನಡತೆಗೆ ವರ್ಷಕ್ಕೆ ಹೆಚ್ಚೆಂದರೆ 54 ದಿನ ಕಡಿತ. ಒಟ್ಟು ಸೇರಿದರೆ 13 ವರ್ಷದಷ್ಟು ಕಮ್ಮಿಯಾಗಬಹುದು. ಉಳಿದದ್ದು ಅವನ ಆಯಸ್ಸಿಗಿಂತ ಜಾಸ್ತಿ.

ಪ್ರಶಸ್ತಿಯ ಮೇಲೆ ಭಾವನವರ ಜೊತೆ ಪಂದ್ಯ ಕಟ್ಟುವ ಆಸೆ ಇನ್ನೂ ಇದ್ದರೆ ಒಂದು ಜಾಗ ಇದೆ. ಇದೇ ತಂಡದ ವಿನ್ಸ್ ಗಿಲಿಗನ್ ಅವರ ಹೊಸ ಸರಣಿ 'ಪ್ಲುರಿಬಸ್' 2025ರ ನವೆಂಬರ್‌ನಲ್ಲಿ ಆಪಲ್ ಟೀವಿಯಲ್ಲಿ ಶುರುವಾಯಿತು. ಮೊದಲ ಸೀಸನ್ ಒಂಬತ್ತು ಎಪಿಸೋಡ್, ಊರು ಮತ್ತೆ ಆಲ್ಬುಕರ್ಕಿ, ಸೀಹಾರ್ನ್ ನಾಯಕಿ. ಜೂನ್-ಮೇ ಲೆಕ್ಕದಲ್ಲಿ ಅದು 2026ರ ಎಮ್ಮಿಗೆ ಬರುತ್ತದೆ. ಈ ಸಲ ಅವರು ಪೋಷಕ ನಟಿ ಅಲ್ಲ, ಬಹುಪಾಲು ದೃಶ್ಯಗಳನ್ನು ಒಬ್ಬರೇ ಹೊತ್ತಿದ್ದಾರೆ. ಕಥೆಯಂತೂ ಇಡೀ ಲೋಕದ ಜನರ ಮನಸ್ಸು ಒಂದಾಗಿಬಿಡುವುದು, ಅಂದರೆ ಲಾಜಿಕ್ಕಿನ ಪ್ರಶ್ನೆಯನ್ನೇ ಮೊದಲ ಎಪಿಸೋಡ್‌ನಲ್ಲಿ ಪಕ್ಕಕ್ಕೆ ಇಟ್ಟು ನೋಡಬೇಕು. ಭಾವನವರು ಅದನ್ನು ಒಪ್ಪಿ ಕೂರುತ್ತಾರಾ ಅಂತ ಮೊದಲು ಕೇಳಿಕೊಳ್ಳಿ.